ಪಿಕಪ್ಪಿನ ಹಿಂಬಾಗಿಲು ಬಿಚ್ಚಿದ ದಿನ

ನಮ್ಮ ಹಳೆಯ ಪಿಕಪ್ಪಿನ ಹಿಂಬಾಗಿಲನ್ನು ಅಪ್ಪ ಮುಚ್ಚಿದ್ದು ಸಿಟ್ಟಿನಲ್ಲಿ. ಅಪ್ಪ ಏನು ಮಾಡಿದರೂ ಸಿಟ್ಟಿನಲ್ಲೇ ಮಾಡುತ್ತಿದ್ದ, ಊಟವನ್ನು ಕೂಡ. ಆ ಗುಣ ನನಗೆ ಬಂದಿದೆ ಎಂದು ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ಹೇಳಲಿ, ನನಗೇನೂ ಬೇಸರವಿಲ್ಲ. ಕುಪ್ಪೇಲೂರು, ಮೇಡ್ಲೇರಿ ಕಡೆಯ ರೈತರ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಮುಟ್ಟಿಸುವುದು ಅವನ ದಂಧೆಯಾಗಿತ್ತು. ಒಂದು ಸಲ ಮೋಟೆಬೆನ್ನೂರಿನ ಹತ್ತಿರ ಹಿಂಬಾಗಿಲಿನ ಕೊಂಡಿ ತಾನಾಗಿಯೇ ಕಳಚಿಕೊಂಡಿತು. ಬಾಗಿಲು ಧಡ್ಡನೆ ಬಿದ್ದು, ಚೀಲಗಳು ಒಂದರ ಹಿಂದೊಂದು ರಸ್ತೆಗೆ ಉರುಳಿದವು. ಹಿಂದೆ ಬರುತ್ತಿದ್ದ ಲಾರಿ ಅವುಗಳ ಮೇಲೆ ಹಾಯ್ದುಹೋಯಿತು. ಅಪ್ಪ ಸೀನುತ್ತ, ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ ರಸ್ತೆಯ ಮೇಲಿನ ಕಾಯಿಯನ್ನು ಅಂಗೈಯಿಂದ ಬಳಿದು ತುಂಬಿಕೊಂಡು ಬಂದ.

ಮರುದಿನವೇ ಬಾಗಿಲಿನ ಎರಡೂ ಮಗ್ಗುಲಿಗೆ ತೂತು ಕೊರೆಸಿ ಹೆಬ್ಬೆರಳ ಗಾತ್ರದ ಬೋಲ್ಟು ಹಾಕಿ ನಟ್ಟು ಬಿಗಿದ. ಅಷ್ಟಕ್ಕೇ ಬಿಡಲಿಲ್ಲ. ನಟ್ಟಿನಿಂದ ಹೊರಗೆ ಚಾಚಿದ್ದ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಬಡಿದು ಚಪ್ಪಟೆ ಮಾಡಿದ. ಹಾಗೆ ಬಡಿದರೆ ಮುಂದೆ ಯಾವ ಪಾನಾ ಹಾಕಿ ತಿರುವಿದರೂ ನಟ್ಟು ಹೊರಗೆ ಬರುವುದಿಲ್ಲ.

“ಇನ್ನ ಬಿಚ್ಚಲಿ ನೋಡೂಣು, ಯಾರಪ್ಪನ ಕೈಲೆ ಆಗತೈತಿ” ಅಂದ.

ಅಂದಿನಿಂದ ಆ ಗಾಡಿಗೆ ಹಿಂಬಾಗಿಲು ಇದ್ದೂ ಇರಲಿಲ್ಲ. ಹತ್ತುವವರು ಗಾಲಿಯ ಮೇಲೆ ಕಾಲಿಟ್ಟು ಹತ್ತಬೇಕು, ಚೀಲಗಳು ಬಾಗಿಲ ಮೇಲಿನಿಂದಲೇ ಒಳಗೆ ಹೋಗಬೇಕು, ಮೇಲಿನಿಂದಲೇ ಹೊರಗೆ ಬರಬೇಕು. ಬ್ಯಾಡಗಿಯ ಹಮಾಲರು ನಮ್ಮ ಗಾಡಿ ಕಂಡರೆ ಮುಖ ತಿರುವುತ್ತಿದ್ದರು. “ಯಜಮಾನ್ರ, ಊರು ಕೊಳ್ಳಿ ಹೊಡದ ಮ್ಯಾಲ ದಿಡ್ಡಿ ಬಾಗಲಾ ಹಾಕಿದ್ರಂತ, ಹಂಗಾತು ನಿಮ್ಮದು” ಎಂದು ಅಪ್ಪನ ಎದುರಿಗೇ ಅನ್ನುತ್ತಿದ್ದರು. ಅಪ್ಪ ಕೇಳಿಸಿದರೂ ಕೇಳಿಸದವರ ಹಾಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಅಪ್ಪ ಸಾಯುವುದಕ್ಕೆ ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂಡಿಸಿ, ವಿಭೂತಿ ಹಚ್ಚಿ, ಕುಳಿತವರನ್ನು ಕುಳಿತ ಹಾಗೆಯೇ ಕುಣಿಗೆ ಇಳಿಸುತ್ತೇವೆ. ಮನೆಯಲ್ಲಿ ಜೀವ ಹೋದರೆ ಮೈ ಬಿಸಿ ಇದ್ದಾಗಲೇ ಗೋಡೆಗೆ ಆನಿಸಿ ಕೂಡಿಸಿಬಿಡುತ್ತಾರೆ. ದೊಡ್ಡಪ್ಪನನ್ನು ಹುಬ್ಬಳ್ಳಿಯಿಂದ ಮಲಗಿಸಿ ತಂದರು. ಊರು ಮುಟ್ಟುವಷ್ಟರಲ್ಲಿ ಸೆಟೆದು ಹಲಗೆಯಾಗಿದ್ದ. ಹಿರಿಯರು ಬಿಸಿನೀರು ಸುರಿದರು, ತಿಕ್ಕಿದರು, ಆಮೇಲೆ ನಾಲ್ಕು ಜನ ಹಿಡಿದು ಮೊಣಕಾಲನ್ನು ಒತ್ತಿ ಮಡಚಿದರು. ಆಗ ಒಂದು ಸದ್ದು ಬಂತು. ಪಡಸಾಲೆಯಲ್ಲಿದ್ದ ನಾವೆಲ್ಲರೂ ಕೇಳಿದೆವು. ಅಪ್ಪ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ.

ಆಮೇಲೆ ಎಷ್ಟೋ ದಿನ ಅವನಿಗೆ ಅನ್ನ ಇಳಿಯಲಿಲ್ಲ. ನಾನು ರಾಣೆಬೆನ್ನೂರಿಗೆ ಕೊಟ್ಟ ಮಗಳು, ತವರಿಗೆ ಹೋದಾಗಲೊಮ್ಮೆ ನನ್ನನ್ನು ಒಬ್ಬಳನ್ನೇ ಕರೆದು ಕೂಡಿಸಿಕೊಂಡು ಹೇಳಿದ.

“ನೋಡವಾ, ನಿಮ್ಮವ್ವಗ ಹೇಳಿದ್ರ ಅಳಾಕ ಕುಂದ್ರತಾಳ. ನಿಮ್ಮ ತಮ್ಮ ಹೂಂ ಅಂತಾನ, ಆ ಹೊತ್ತಿಗೆ ಕೈಕಾಲ ಬಿಡತಾನ. ನೀ ಗಟ್ಟಿ ಅದೀ. ನನ್ನ ಕಾಲ ಮುರೀಬ್ಯಾಡ್ರಿ. ಎಲ್ಲೆ ಸತ್ರೂ ಮೈ ಬಿಸಿ ಇದ್ದಾಗ ಕುಂದ್ರಸ್ರಿ. ಕುಂತಾಂವ ಕುಂತಂಗ ಮನಿಗೆ ಬರಬೇಕು.”

“ಬಿಡಪ್ಪಾ, ಏನ ಅಪಶಕುನ ಆಡತೀ” ಎಂದು ಬೈದೆ. ಆದರೂ ಹೂಂ ಅಂದೆ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷ. ಹೆದ್ದಾರಿಯನ್ನು ಅಗಲ ಮಾಡಲು ಎಲ್ಲ ಕಡೆ ಅಗೆದು ಹಾಕಿದ್ದ ಕಾಲ. ಮೆಣಸಿನಕಾಯಿಯ ಸುಗ್ಗಿಯಲ್ಲೇ ಅಪ್ಪನಿಗೆ ಎದೆನೋವು ಬಂತು. ಹಾವೇರಿಯ ದವಾಖಾನೆಗೆ ಸೇರಿಸಿದೆವು. ಒಂದು ವಾರದಲ್ಲಿ ಚೇತರಿಸಿಕೊಂಡ. ಚಹಾ ನೀರಾಗಿದೆ ಎಂದು ಜಗಳ ತೆಗೆಯುವಷ್ಟು ಚೇತರಿಸಿಕೊಂಡ. ನಾಳೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ಮೇಲೆ, ಅಷ್ಟು ದಿನ ನೆಲದ ಮೇಲೆ ಮಲಗಿದ್ದ ಅವ್ವ ಬೆಳಗಿನ ಬಸ್ಸಿಗೆ ಕುಪ್ಪೇಲೂರಿಗೆ ಹೋದಳು. ಮನೆ ಸಾರಿಸಬೇಕು, ಎಮ್ಮೆಗೆ ಯಾರು ಏನು ಹಾಕಿದ್ದಾರೋ ನೋಡಬೇಕು ಅಂದಳು. ಹೋಗುವಾಗ ಅಪ್ಪನಿಗೆ ಅವಳು ಹೇಳಿದ್ದು ಇಷ್ಟೇ: “ದಾಕ್ತರ ಜೋಡಿ ಜಗಳಾ ತಗೀಬ್ಯಾಡ್ರಿ.”

ಅವಳ ಬಸ್ಸು ರಾಣೆಬೆನ್ನೂರು ಮುಟ್ಟಿತ್ತೋ ಇಲ್ಲವೋ. ಅಪ್ಪ ದಿಂಬು ಎತ್ತರ ಮಾಡು ಅಂದ. ಮಾಡಿದೆ. ಇನ್ನೂ ಸ್ವಲ್ಪ ಅಂದ. ನಾನು ಚಾದರ ಮಡಚಿ ದಿಂಬಿನ ಕೆಳಗೆ ಇಡುವಷ್ಟರಲ್ಲಿ ಅವನ ತಲೆ ನನ್ನ ಮುಂಗೈ ಮೇಲೆ ಭಾರವಾಯಿತು. ನರ್ಸಮ್ಮ ಓಡಿ ಬಂದಳು, ಡಾಕ್ಟರು ಬಂದರು, ಎದೆ ಒತ್ತಿದರು. ಮಾಡುವುದನ್ನೆಲ್ಲ ಮಾಡಿದರು, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಡಾಕ್ಟರು ಕೈ ತೆಗೆದು ನಿಂತಾಗ ನಾನು ಅಳಲಿಲ್ಲ. ಅಳುವುದು ಆಮೇಲೆ ಇದ್ದೇ ಇದೆ, ಮೈ ಬಿಸಿ ಆಮೇಲೆ ಇರುವುದಿಲ್ಲ.

“ಕುಂದ್ರಸಬೇಕ್ರಿ, ಜಾಗಾ ಕೊಡ್ರಿ” ಅಂದೆ. ಅವರೂ ಈ ಕಡೆಯವರೇ, ತಿಳಿಯಿತು. ಹಿಂದಿನ ಪಡಸಾಲೆಗೆ ಒಯ್ಯಲು ಬಿಟ್ಟರು. ಗೋಡೆಗೆ ಆನಿಸಿ, ಕಾಲು ಮಡಚಿ, ಕೈಗಳನ್ನು ತೊಡೆಯ ಮೇಲೆ ಇಟ್ಟು ಕೂಡಿಸಿದೆ. ಅವನ ರುಮಾಲನ್ನೇ ಗದ್ದದ ಕೆಳಗಿನಿಂದ ತಂದು ತಲೆಗೆ ಸುತ್ತಿದೆ. ಆಫೀಸಿನಿಂದ ಬ್ಯಾಡಗಿ ಪೇಟೆಯ ಅಂಗಡಿಯೊಂದಕ್ಕೆ ಫೋನು ಮಾಡಿ ತಮ್ಮನಿಗೆ ಹೇಳಿಸಿದೆ. ಗಾಡಿ ಅವನ ಹತ್ತಿರ ಇತ್ತು. ಚೀಲ ಇಳಿಸಿ ಬರುವವರೆಗೆ ಅಪ್ಪನ ಮಗ್ಗುಲಿಗೆ ಭುಜಕ್ಕೆ ಭುಜ ಕೊಟ್ಟು ಕುಳಿತೆ. ಮೊದಮೊದಲು ಅವನು ನನ್ನ ಕಡೆಗೆ ವಾಲುತ್ತಿದ್ದ. ಹೊತ್ತು ಏರಿದ ಹಾಗೆ ವಾಲುವುದು ನಿಂತಿತು. ಮೊಣಕಾಲು ಮುಟ್ಟಿ ನೋಡಿದೆ, ಬಿಗಿದಿತ್ತು. ಗೆದ್ದೆ ಅನ್ನಿಸಿತು. ಎಂಥ ಗೆಲುವು ನೋಡಿ, ಅಪ್ಪ ಸೆಟೆದದ್ದಕ್ಕೆ ಮಗಳಿಗೆ ಸಮಾಧಾನ!

ತಮ್ಮ ಬಂದವನು ಕಂಬ ಹಿಡಿದು ನಿಂತು ಅತ್ತ. ಅಳಲಿ ಎಂದು ಬಿಟ್ಟೆ. ಆಮೇಲೆ, “ಊರಿಗೆ ಹೇಳಿಸೇನಿ, ಕಿರಾಣಿ ಅಂಗಡಿಗೆ ಫೋನ್ ಮಾಡಿ” ಅಂದ. ಒಳ್ಳೆಯದಾಯಿತು ಅಂದುಕೊಂಡೆ. ಅವನು ಆಂಬುಲೆನ್ಸಿನವನನ್ನು ಕೇಳಿಕೊಂಡು ಬಂದ. ಆಂಬುಲೆನ್ಸಿನವನು ಬಂದು ನೋಡಿ, “ಕುಂತಾರಲ್ರಿ, ನನ್ನ ಗಾಡ್ಯಾಗ ಮಲಗಿಸಿ ಒಯ್ಯಾಕ ಅಷ್ಟ ಜಾಗಾ ಐತಿ” ಎಂದು ಪಾಪ, ತಾನೇ ತಪ್ಪು ಮಾಡಿದವನ ಹಾಗೆ ಹೊರಟುಹೋದ.

“ಅಕ್ಕಾ, ಮಲಗಿಸಿಬಿಡೂಣೇನ? ಸತ್ತವರಿಗೆ ಏನ ಗೊತ್ತಾಗತೈತಿ?”

“ಹೆಂಗ ಮಲಗಸ್ತೀ? ಕಾಲ ಮುರದು? ದೊಡ್ಡಪ್ಪಂದು ಕೇಳಿದ್ದು ಸಾಲಲಿಲ್ಲೇನು ಮೂಳಾ, ಇನ್ನೊಮ್ಮೆ ಕೇಳಬೇಕಾಗೇತೇನ? ನಮ್ಮ ಗಾಡ್ಯಾಗ ಕುಂದ್ರಿಸಿ ಒಯ್ಯೋದು. ನಡಿ.”

ಅಲ್ಲಿಗೆ ಎದುರಾಯಿತು ಅಪ್ಪ ಬಡಿದಿಟ್ಟ ಬಾಗಿಲು.

ನಾನು, ತಮ್ಮ, ಜೊತೆಗೆ ಅಲ್ಲೇ ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತಿದ್ದ ಒಬ್ಬ ಗಟ್ಟಿ ಆಳು. ಅವನು ಬ್ಯಾಡಗಿಯ ಹಮಾಲ, ಹೆಂಡತಿಯ ಹೆರಿಗೆಗೆಂದು ಬಂದಿದ್ದ. ನಮ್ಮ ಗಾಡಿ ನೋಡಿಯೇ ಗುರುತು ಹಿಡಿದು ಎದ್ದು ಬಂದ. ಮೂವರೂ ಸೇರಿ ಅಪ್ಪನನ್ನು ಕಂಬಳಿಯಲ್ಲಿ ಕೂಡಿಸಿ ಎತ್ತಿದೆವು. ಎದೆಯ ಮಟ್ಟ ಬಂದ, ಬಾಗಿಲಿನ ಮಟ್ಟ ಬರಲಿಲ್ಲ. ಇನ್ನೊಂದು ಸಲ ಎತ್ತಿದಾಗ ಕಂಬಳಿ ಒಂದು ಕಡೆ ಜಾರಿ, ಅಪ್ಪ ಓರೆಯಾಗಿ, ಹಣೆ ಬಾಗಿಲಿನ ಅಂಚಿಗೆ ಬಡಿಯಿತು. ರುಮಾಲು ಬಿಚ್ಚಿ ಬಾಯಿ ತೆರೆಯಿತು. ನಾನು ಚೀರಿದೆ. ಇಳಿಸಿದೆವು. ಹಣೆಯ ಮೇಲೆ ಒಂದು ಗೆರೆ ಬಿದ್ದಿತ್ತು, ರಕ್ತ ಮಾತ್ರ ಇರಲಿಲ್ಲ. ಆ ರಕ್ತವಿಲ್ಲದ ಗೆರೆ ನೋಡಿದಾಗ ಅಪ್ಪ ಖರೇನೇ ಸತ್ತಿದ್ದಾನೆ ಎಂದು ನನಗೆ ಮೊದಲ ಸಲ ತಿಳಿಯಿತು.

“ಇದ್ದಾಗೂ ಎತ್ತಿಸಿದ, ಸತ್ತ ಮ್ಯಾಲೂ ಎತ್ತಸಾಕತ್ತಾನ” ಅಂದ ಹಮಾಲ, ಏದುಸಿರು ಬಿಡುತ್ತ. ಅಂದವನೇ ತನ್ನ ಬಾಯಿಗೆ ತಾನೇ ಹೊಡೆದುಕೊಂಡ. “ತಪ್ಪಾತ್ರಿ ಅಕ್ಕಾರ. ಬಾಗಲಾ ಬಿಚ್ಚದ ಆಗೂದಿಲ್ಲ ಇದು.”

ನಾನು ಮತ್ತೆ ರುಮಾಲು ಕಟ್ಟಿ ಅಪ್ಪನನ್ನು ಹಿಡಿದು ಗಿಡದ ನೆರಳಲ್ಲಿ ಕುಳಿತೆ. ನೊಣ ಓಡಿಸುತ್ತ, ಅವರಿಬ್ಬರ ಕೆಲಸ ನೋಡುತ್ತ ಕುಳಿತೆ. ತಮ್ಮ ಸೀಟಿನ ಕೆಳಗಿನಿಂದ ಪಾನಾ ತೆಗೆದು ನಟ್ಟಿಗೆ ಹಾಕಿ ಜಗ್ಗಿದ. ಅದು ಅಲುಗಲಿಲ್ಲ. ಹಮಾಲನೂ ಕೈ ಹಚ್ಚಿದ. ಪಾನಾ ಜಾರಿ ತಮ್ಮನ ಗೆಣ್ಣು ಕಿತ್ತುಹೋಯಿತು. ಸೀಮೆಎಣ್ಣೆ ತಂದು ಸುರಿದರು. ತುಕ್ಕು ನೆನೆಯಿತು, ಆದರೆ ಬೋಲ್ಟಿನ ತುದಿ ಚಪ್ಪಟೆಯಾಗಿದ್ದು ತುಕ್ಕಿನಿಂದಲ್ಲವಲ್ಲ. ಕಡೆಗೆ ತಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಓಡಿ ಹೋಗಿ ಕಬ್ಬಿಣ ಕೊಯ್ಯುವ ಬ್ಲೇಡು ತಂದ. ಕೊಯ್ಯಲು ಶುರು ಮಾಡಿದರು. ಬ್ಲೇಡು ಮುರಿಯಿತು, ಇನ್ನೊಂದು ಹಾಕಿದರು, ಅದೂ ಮುರಿಯಿತು. ಹೋಗಿ ಬರುವ ಜನ ಒಂದು ಗಳಿಗೆ ನಿಂತು ನನ್ನನ್ನು ನೋಡುವರು, ಅಪ್ಪನನ್ನು ನೋಡುವರು, ಕೈ ಮುಗಿದು ಹೋಗುವರು. ಒಬ್ಬ ಮುದುಕಿ ಮಾತ್ರ ಹತ್ತಿರ ಬಂದು, “ಆರಾಮಿಲ್ಲೇನು ನಿಮ್ಮಪ್ಪಗ?” ಎಂದು ಕೇಳಿದಳು. ಇಲ್ಲ ಅಂದೆ. ಇನ್ನೇನು ಅನ್ನಲಿ?

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಖರೇ ಹೇಳುತ್ತೇನೆ, ಅವನ ಮುಖದ ಹತ್ತಿರ ಮುಖ ಒಯ್ದು ಬೈದೆ. “ಯಾರಪ್ಪನ ಕೈಲೆ ಆಗತೈತಿ ಅಂದಿದ್ದೆಲ್ಲ, ನೋಡೀಗ. ನಮ್ಮಪ್ಪನ ಕೈಲೆ ಆಗವಲ್ತು.” ಬೈದ ಮೇಲೆ ಅಳು ಬಂತು. ಅತ್ತೆ. ಒಂದು ಕೈಯಿಂದ ಅವನ ಬೆನ್ನು ಹಿಡಿದುಕೊಂಡೇ ಸೆರಗು ಬಾಯಿಗಿಟ್ಟು ಅತ್ತೆ.

ಮೂರನೆಯ ಬ್ಲೇಡಿಗೆ ಅಂತೂ ಬೋಲ್ಟುಗಳು ತುಂಡಾದವು. ಇನ್ನೇನು ಬಾಗಿಲು ಕೆಳಗೆ ಬೀಳುತ್ತದೆ ಅಂದುಕೊಂಡರೆ ಅರ್ಧಕ್ಕೆ ಬಂದು ನಿಂತಿತು. ಇಷ್ಟು ವರ್ಷ ತಿರುಗದ ಕೆಳಗಿನ ಬಿಜಾಗರಿಗಳು ತುಕ್ಕು ಹಿಡಿದು ಬಾಗಿಲಿಗೇ ಬೆಸೆದುಕೊಂಡಿದ್ದವು. ಅರ್ಧ ತೆರೆದ ಬಾಗಿಲಿನ ಮೇಲೆ ಹೆಣ ಹತ್ತಿಸುವುದು ಹೇಗೆ? ಪೂರಾ ಕಿತ್ತೇ ಬಿಡೋಣ ಅಂದ ಹಮಾಲ. ಅವನು ಬಾಗಿಲಿನ ಭಾರವನ್ನು ಬೆನ್ನಿನ ಮೇಲೆ ತೆಗೆದುಕೊಂಡು ಬಗ್ಗಿ ನಿಂತ. ತಮ್ಮ ಉಳಿ ಹಚ್ಚಿ ಬಿಜಾಗರಿಯ ಕಡ್ಡಿಗಳನ್ನು ಒಂದು ಮಗ್ಗುಲಿನಿಂದ ಬಡಿದು ಹೊರಗೆ ಹೊರಡಿಸಿದ. ಬಲಗಡೆಯದು ಬಂತು. ಎಡಗಡೆಯದು ಡೊಂಕಾಗಿತ್ತು, ಕಿತ್ತು ಬರುವಾಗ ಹಮಾಲನ ಪಕ್ಕೆಗೆ ಬಾಗಿಲಿನ ಮೂಲೆ ಚುಚ್ಚಿತು. ಅವನು ಹಲ್ಲು ಕಚ್ಚಿ ಬಾಗಿಲನ್ನು ನೆಲಕ್ಕೆ ಇಳಿಸಿದ, ಎಸೆಯಲಿಲ್ಲ.

ಆಮೇಲೆ ಅಪ್ಪ ಸಲೀಸಾಗಿ ಹತ್ತಿದ. ಮೂವರೂ ಕಂಬಳಿ ಹಿಡಿದು ಸೊಂಟದ ಮಟ್ಟ ಎತ್ತಿ ಒಳಗೆ ಜಾರಿಸಿದೆವು. ಕ್ಯಾಬಿನ್ನಿನ ಬೆನ್ನಿಗೆ ಆನಿಸಿ, ಖಾಲಿ ಚೀಲ ಮಡಚಿ ಕೆಳಗೆ ಹಾಕಿ, ಚೀಲ ಕಟ್ಟುವ ಹಗ್ಗದಿಂದಲೇ ಸೊಂಟಕ್ಕೆ ಒಂದು ಸುತ್ತು ಹಾಕಿ ಸರಳಿಗೆ ಕಟ್ಟಿದೆವು. ಶಾಲು ಹೊದಿಸಿದೆ. ಕಿತ್ತ ಬಾಗಿಲನ್ನು ಅವನ ಮುಂದೆ ಮಲಗಿಸಿದರು. ಹಮಾಲ ಅಪ್ಪನ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡ. ಅಷ್ಟರಲ್ಲಿ ಒಳಗಿನಿಂದ ಅವನನ್ನು ಯಾರೋ ಕೂಗಿದರು, ಹೆಂಡತಿಗೆ ಹೆಣ್ಣು ಹುಟ್ಟಿತ್ತು. ಅವನು ನಮ್ಮ ಎದುರಿಗೆ ನಗಲೂ ಆಗದೆ ತಲೆ ತಗ್ಗಿಸಿಕೊಂಡು ಓಡಿದ.

ಹೊರಟೆವು. ತಮ್ಮ ಮುಂದೆ, ಒಬ್ಬನೇ. ನಾನು ಹಿಂದೆ ಅಪ್ಪನ ಜೊತೆ, ಅವನ ತೋಳಿನಲ್ಲಿ ತೋಳು ಹಾಕಿಕೊಂಡು. ಹಾವೇರಿ ದಾಟಿದ್ದೇ ತಡ, ಅಗೆದ ರಸ್ತೆ ಶುರುವಾಯಿತು. ಇತ್ತ ಹೋಗಿ ಅತ್ತ ಹೋಗಿ ಎಂದು ಕಲ್ಲು ಇಟ್ಟಿದ್ದರು, ಟಿಪ್ಪರುಗಳು ಧೂಳೆಬ್ಬಿಸುತ್ತ ಎದುರಿಗೆ ಬರುತ್ತಿದ್ದವು. ಪ್ರತಿ ಗುಂಡಿಗೂ ನನ್ನ ಎದೆ ಹಾರುತ್ತಿತ್ತು. ಬಾಗಿಲಿಲ್ಲದ ಗಾಡಿಯ ಹಿಂದೆ ಕುಳಿತರೆ ರಸ್ತೆ ನಿಮ್ಮ ಕಾಲ ಕೆಳಗಿನಿಂದಲೇ ಓಡಿ ಹೋಗುತ್ತಿರುತ್ತದೆ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮೋಟೆಬೆನ್ನೂರು ದಾಟಿ ಒಂದು ಏರು ಬಂತು. ಗಾಡಿ ಮುಂದಿನ ಗಾಲಿ ಎತ್ತಿದ ಹಾಗೆ ಹತ್ತುವಾಗ ಹಗ್ಗ ಸಡಿಲಾಯಿತು. ಖಾಲಿ ಚೀಲದ ಸಮೇತ ಅಪ್ಪ ಜಾರಿದ. ಮುಂದೆ ಇದ್ದ ಬಾಗಿಲು ಮೊದಲು ಜಾರಿ ಅರ್ಧ ಹೊರಗೆ ಚಾಚಿತು, ಅದರ ಹಿಂದೆ ಅಪ್ಪ, ಅವನನ್ನು ತಬ್ಬಿಕೊಂಡು ನಾನು. ಒಂದು ಕಾಲನ್ನು ಮಗ್ಗುಲಿನ ತಗಡಿಗೆ ಒತ್ತಿ, ಒಂದು ಕೈಯಿಂದ ಹಗ್ಗ ಹಿಡಿದು, ಬಾಯಿಗೆ ಬಂದ ಹಾಗೆ ಕೂಗಿದೆ. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನು ಹೊಡೆದಾಗಲೇ ತಮ್ಮನಿಗೆ ತಿಳಿದದ್ದು. ಗಾಡಿ ನಿಂತಿತು.

“ಬಾಗಲಾ ಹಚ್ಚು, ಈಗಿಂದೀಗ ಹಚ್ಚು” ಅಂದೆ. “ಹಂಗ ಬಿಟ್ರ ಅಪ್ಪ ರಸ್ತೇದ ಮ್ಯಾಲ ಬೀಳತಾನ, ಮೆಣಸಿನಕಾಯಿ ಬಿದ್ದಂಗ.”

ಅಪ್ಪನನ್ನು ಮತ್ತೆ ಹಿಂದಕ್ಕೆ ಎಳೆದು ಬಿಗಿಯಾಗಿ ಕಟ್ಟಿದೆವು. ಬಾಗಿಲನ್ನು ರಸ್ತೆ ಬದಿಗೆ ಇಳಿಸಿ, ಅದರ ಕೆಳಗಿನ ಬಿಜಾಗರಿ ಗಾಡಿಯ ಬಿಜಾಗರಿಗೆ ಸರಿಯಾಗಿ ಕೂಡುವ ಹಾಗೆ ಎತ್ತಿ ಹಿಡಿಯಬೇಕು. ಅದು ಒಬ್ಬರ ಕೆಲಸವಲ್ಲ. ನಾನು ಬೆಳಗಿನಿಂದ ಮೊದಲ ಸಲ ಅಪ್ಪನನ್ನು ಬಿಟ್ಟು ಕೆಳಗೆ ಇಳಿದೆ. ಮೊಣಕಾಲೂರಿ ಬಾಗಿಲಿನ ಭಾರವನ್ನು ತೊಡೆಯ ಮೇಲೆ ತೆಗೆದುಕೊಂಡೆ. ತಮ್ಮ ಕಡ್ಡಿ ತೂರಿಸಲು ನೋಡಿದ. ಒಂದು ಕೂಡಿದರೆ ಇನ್ನೊಂದು ತಪ್ಪುತ್ತಿತ್ತು. “ಸ್ವಲ್ಪ ಎತ್ತು. ಬ್ಯಾಡ, ಇಳಿಸು. ಬಲಕ್ಕ, ಬಲಕ್ಕ.” ಬಲಗಡೆಯ ಕಡ್ಡಿ ಹೋಯಿತು. ಎಡಗಡೆಯದು ಡೊಂಕು, ಹೋಗಲಿಲ್ಲ. ಅಲ್ಲಿ ಸ್ಕ್ರೂಡ್ರೈವರನ್ನೇ ತೂರಿಸಿ ತಂತಿ ಸುತ್ತಿದ. ಬಾಗಿಲು ಎತ್ತಿ ನಿಲ್ಲಿಸಿ, ಬೋಲ್ಟು ಇದ್ದ ತೂತುಗಳಿಗೆ ತಂತಿ ಪೋಣಿಸಿ ಇಕ್ಕಳದಿಂದ ಹೊಸೆಯತೊಡಗಿದ.

ಅವನು ಹೊಸೆಯುವಾಗ ನಾನು ಸುಮ್ಮನೆ ಕೇಳಿದೆ. “ಅವ್ವಗ ಏನಂತ ಹೇಳಿಸೀದಿ?”

“ಅಪ್ಪನ್ನ ಕರ್ಕೊಂಡು ಬರಾಕತ್ತೇವಿ ಅಂತ.”

“ಏನಂತ?”

ಇಕ್ಕಳ ಅವನ ಕೈಯಲ್ಲಿ ನಿಂತಿತು.

ನಮ್ಮ ಮಾತಿನಲ್ಲಿ ಜೀವ ಇದ್ದವರನ್ನು ಕರೆದುಕೊಂಡು ಬರುತ್ತಾರೆ. ಜೀವ ಹೋದವರನ್ನು ತೆಗೆದುಕೊಂಡು ಬರುತ್ತಾರೆ. ಸತ್ತರು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ‘ತಗೊಂಡು ಬರಾಕತ್ತಾರ’ ಅಂದರೆ ಸಾಕು, ಕೇಳಿದವರು ಎದೆ ಬಡಿದುಕೊಂಡು ಅಂಗಳಕ್ಕೆ ಬಂದಿರುತ್ತಾರೆ. ಅದೂ ಅಲ್ಲದೆ, ನಾಳೆ ಬಿಡುತ್ತೇವೆ ಅಂದವರು ಇವತ್ತೇ ಬಿಟ್ಟರು ಎಂದು ಅವ್ವ ತಿಳಿಯುವುದಕ್ಕೆ ಏನು ತಡ?

“ಹುಚ್ಚಪ್ಯಾಲಿ, ಏನ ಮಾಡಿದ್ಯೋ!” ಎಂದು ಕೈ ಎತ್ತಿದೆ. ಹೊಡೆಯಲು ಆಗಲಿಲ್ಲ. ಅವನ ಮುಖ ಹಾಗಿತ್ತು.

“ಆ ಮಾತು ಬಾಯಾಗ ಬರಲಿಲ್ಲಕ್ಕಾ. ತಗೊಂಡು ಬರಾಕ ಅಂವೇನ ಚೀಲ ಏನ?” ಅಂದ.

ರಾಣೆಬೆನ್ನೂರಿನಲ್ಲಿ ಎಸ್.ಟಿ.ಡಿ. ಬೂತಿನ ಮುಂದೆ ಗಾಡಿ ನಿಲ್ಲಿಸಲು ಹೇಳಿದೆ. ಧೂಳು ಹಿಡಿದ ಸೀರೆಯಲ್ಲೇ ಒಳಗೆ ಹೋಗಿ ಕುಪ್ಪೇಲೂರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿದೆ. ಅವ್ವನನ್ನು ಕರೆಯಬೇಡಿ, ಓಣಿಯ ಹಿರಿಯರು ಯಾರಾದರೂ ಹೋಗಿ ಅವಳ ಹತ್ತಿರ ಕುಳಿತುಕೊಳ್ಳಿ, ಅವರೇ ಮೆಲ್ಲಗೆ ಹೇಳಲಿ. ಹೀಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆಚೆ ಕಡೆ ಗಂಟೆ ಹೊಡೆದೇ ಹೊಡೆಯಿತು. ಅಂಗಡಿಯವನು ಬಾಗಿಲು ಹಾಕಿಕೊಂಡು ಎಲ್ಲಿಗೆ ಹೋಗಿದ್ದನೋ, ಯಾರೂ ಎತ್ತಲಿಲ್ಲ. ಊರಲ್ಲಿ ಬೇರೆ ಯಾರ ಮನೆಯ ನಂಬರೂ ನನಗೆ ಗೊತ್ತಿರಲಿಲ್ಲ. ಹೊರಗೆ ಗಾಡಿಯ ಸುತ್ತ ಜನ ಸೇರುವ ಹಾಗೆ ಕಂಡಿತು. ಓಡಿ ಬಂದು ಹತ್ತಿದೆ.

ಕುಪ್ಪೇಲೂರಿನ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಹೊಲದಿಂದ ಹೊರಟವರು ಗಾಡಿಯ ಗುರುತು ಹಿಡಿದು ಬದಿಗೆ ಸರಿದು ನಿಲ್ಲುತ್ತಿದ್ದರು. ಹೊರಗಿನವರಿಗೆ ಕಾಣುವುದು ಬಾಗಿಲಿನ ಮೇಲೆ ಅಪ್ಪನ ರುಮಾಲು, ಶಾಲು ಹೊದ್ದ ಭುಜ, ಮಗ್ಗುಲಿಗೆ ನಾನು. ಎತ್ತಿನ ಹಗ್ಗ ಹಿಡಿದ ಒಬ್ಬ, “ಆರಾಮಾತೇನ್ರೀ ಯಜಮಾನ್ರ?” ಎಂದು ಕೂಗಿ ಕೈ ಎತ್ತಿದ. ಅಪ್ಪ ಗೋಣು ಅಲ್ಲಾಡಿಸಿದ. ಗಾಡಿ ಕುಲುಕಿದ್ದಕ್ಕೆ ಅಲ್ಲಾಡಿತು ಅಷ್ಟೇ. ಆದರೆ ಆ ಮನುಷ್ಯ ನಕ್ಕು ಎತ್ತು ಹೊಡೆ‌ದುಕೊಂಡು ಹೋದ. ಕುಂತಾಂವ ಕುಂತಂಗ ಬರಬೇಕು ಅಂದಿದ್ದೆಯಲ್ಲ ಅಪ್ಪಾ, ಬಂದೆ. ಯಾರಿಗೂ ನೀನು ಸತ್ತದ್ದು ತಿಳಿಯದ ಹಾಗೆ ಬಂದೆ.

ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ದೀಪ ಹಚ್ಚುವ ಹೊತ್ತು. ಬಚ್ಚಲಿನ ಕಡೆಯಿಂದ ಹೊಗೆ ಬರುತ್ತಿತ್ತು. ಅವ್ವ ಸದ್ದು ಕೇಳಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ತಲೆ ಬಾಚಿಕೊಂಡಿದ್ದಳು, ದೊಡ್ಡದಾಗಿ ಕುಂಕುಮ ಇಟ್ಟುಕೊಂಡಿದ್ದಳು.

“ಬಂದ್ರಿ? ಹಿಂದ ಯಾಕ ಕುಂತ್ರಿ? ಗಾಳಿ ಬಡದೀತು, ಮುಂದ ಕುಂದರಬಾರದ? ಹೇಳಿದ್ದ ಮಾತು ಒಂದರ ಕೇಳತೀರೇನ ನೀವು?”

ಅಪ್ಪನ ಜೊತೆ ಅವಳು ಮಾತಾಡುತ್ತಿದ್ದದ್ದೇ ಹಾಗೆ, ಬೈಗುಳದ ಧಾಟಿಯಲ್ಲಿ. ಇಡೀ ದಿನ ಎಲ್ಲರ ಮೇಲೆ ಹರಿಹಾಯ್ದವಳು ನಾನು. ‘ಯವ್ವಾ’ ಎಂಬ ಒಂದು ಮಾತು ಹೊರಡಲಿಲ್ಲ. ತಮ್ಮ ಇಳಿದು ಬಂದು ಅವಳ ಮುಖ ನೋಡದೆ ಗಾಡಿಯ ಹಿಂದೆ ನಿಂತು ತಂತಿ ಬಿಚ್ಚತೊಡಗಿದ. ಅವ್ವ ಅದನ್ನು ನೋಡಿ ಹತ್ತಿರ ಬಂದಳು.

“ಅಂತೂ ಬಾಗಲಾ ಬಿಚ್ಚಿಸಿದ್ರಿ! ಭಾಳ ಚೊಲೋ ಆತು. ಸಾವಕಾಶ ಇಳೀರಿ. ತಮ್ಮಾ, ಕೈ ಹಿಡೀಯೋ.”

ಬಾಗಿಲು ಕೆಳಗೆ ಬಿತ್ತು. ಅವ್ವ ಕೈ ಚಾಚಿದ್ದಳು. ಅವಳಿಗೆ ಮೊದಲು ಕಂಡದ್ದು ಅಪ್ಪನ ಸೊಂಟಕ್ಕೆ ಸುತ್ತಿದ ಹಗ್ಗ. ಆಮೇಲೆ ಚಕ್ಕಳಮಕ್ಕಳ ಹಾಕಿದ ಕಾಲು. ಹಾಗೆ ಕೂಡಿಸುವುದು ಯಾರನ್ನು ಎಂದು ಅವಳಿಗೆ ಬಿಡಿಸಿ ಹೇಳಬೇಕೇ? ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅಪ್ಪನ ಪಾದದ ಮೇಲೆ ಇಟ್ಟಳು.

ತಮ್ಮ ನೆಲಕ್ಕೆ ಕುಸಿದು, “ತಪ್ಪಾತವ್ವಾ” ಎಂದು ಬೋರಾಡಿ ಅಳತೊಡಗಿದ. ಆ ಅಳು ಕೇಳಿ ಓಣಿಯ ಹೆಂಗಸರು ಓಡಿ ಬಂದರು. ಬಂದವರು ಬಾಯಿ ಬಾಯಿ ಬಡಿದುಕೊಂಡರು. ಅವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವಳನ್ನು ಹಿಡಿದುಕೊಳ್ಳಲು ಬಂದವರ ಕೈ ಬಿಡಿಸಿಕೊಂಡಳು. ಗಂಡಸರು ಅಪ್ಪನನ್ನು ಇಳಿಸಿ ಕಟ್ಟೆಯ ಮೇಲೆ ಕೂಡಿಸಿದರು. ಮೈ ತೊಳೆಯಲು ನೀರು ಕಾಯಿಸಬೇಕು, ಒಲೆ ಹಚ್ಚಿರಿ ಎಂದು ಯಾರೋ ಹಿರಿಯರು ಹೇಳಿದರು.

“ನೀರು ಕಾದಾವು” ಅಂದಳು ಅವ್ವ. “ದವಾಖಾನ್ಯಾಗ ಎಂಟು ದಿನ ಮೈ ತೊಳಕೊಂಡಿಲ್ಲ, ಬಂದಕೂಡ್ಲೆ ನೀರ ಕೇಳತಾರಂತ ಆಗಿಂದ ಹಂಡೆ ಕಾಸೇನಿ.”

ಹೆಂಗಸರು ಕೊಡಪಾನದಲ್ಲಿ ನೀರು ತಂದರು. ಒಬ್ಬಳು ಕೈ ಅದ್ದಿ ನೋಡಿ, ಭಾಳ ಸುಡತಾವು ಎಂದು ತಣ್ಣೀರಿನ ಚರಿಗೆ ಎತ್ತಿದಳು. ಅವ್ವ ಅವಳ ಕೈ ಹಿಡಿದಳು.

“ತಣ್ಣೀರ ಬೆರಸಬ್ಯಾಡವಾ. ಆರಿದ ನೀರು ಹಾಕಿದ್ರ ಸಿಟ್ಟಾಗತಾರ.”